ಬಿ.ಎಚ್. ರಸ್ತೆಯಲ್ಲಿ ಕೂತು ಕಡಲೂರಿನ ಪ್ರೇಮಕತೆ ಬರೆಯುವುದು ಹೇಗೆ?

ತುಮಕೂರಿನಲ್ಲಿ ಬಿ.ಎಚ್. ರಸ್ತೆ ಗೊತ್ತಿಲ್ಲದವರು ಯಾರೂ ಇಲ್ಲ. ಆದರೆ ಆ 'ಎಚ್' ಏನು ಅಂತ ಕೇಳಿ ನೋಡಿ. ನಾನು ಕೇಳಿದವರಲ್ಲಿ ಒಬ್ಬರು ಹಾಸನ ಅಂದರು, ಒಬ್ಬರು ಹೊಸದುರ್ಗ ಅಂದರು. ಆಟೋದವರೊಬ್ಬರು "ಹೈವೇ ಅಲ್ವಾ ಮೇಡಂ" ಅಂದು ಗೇರು ಬದಲಾಯಿಸಿದರು. ಅದು ಹೊನ್ನಾವರ. ಬೆಂಗಳೂರು–ಹೊನ್ನಾವರ ರಸ್ತೆ. ಹಳೆಯ ರಾಷ್ಟ್ರೀಯ ಹೆದ್ದಾರಿ 206 ನಮ್ಮೂರಿನಿಂದ ಹೊರಟು ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ ದಾಟಿ, ಘಾಟಿ ಇಳಿದು, ಹೊನ್ನಾವರದಲ್ಲಿ ಮುಗಿಯುತ್ತಿತ್ತು. ಅಂದರೆ ನಾವು ದಿನಾ ಟೀ ಕುಡಿಯುವುದು ಕಡಲಿಗೆ ಹೋಗುವ ದಾರಿಯ ಪಕ್ಕದಲ್ಲೇ.

ಇದು ಗೊತ್ತಾದ ಮೇಲೆ ನನಗೆ ಧೈರ್ಯ ಬಂತು. ಅಲ್ಲಿಯವರೆಗೆ ಕಡಲ ಕತೆ ಬರೆಯುವುದು ಕಡಲ ಊರಿನವರ ಹಕ್ಕು ಅಂದುಕೊಂಡಿದ್ದೆ. ಧೈರ್ಯದಲ್ಲಿ ಒಂದು ಪ್ರೇಮಕತೆ ಬರೆದು ಒಂದು ವಿಶೇಷಾಂಕಕ್ಕೆ ಕಳಿಸಿದೆ. ವಾಪಸ್ ಬಂತು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದೇ ಸಾಲು: "ನಿಮ್ಮ ಕರಾವಳಿಯಲ್ಲಿ ಸೂರ್ಯ ಕಡಲಿನಿಂದ ಹುಟ್ಟುತ್ತಿದ್ದಾನೆ, ದಯವಿಟ್ಟು ಗಮನಿಸಿ."

ನಾನು ಚಿಕ್ಕವಳಿದ್ದಾಗ ನೋಡಿದ ಒಂದೇ ಕಡಲು ಚೆನ್ನೈನದು. ಅಲ್ಲಿ ಸೂರ್ಯ ಕಡಲಿನಿಂದಲೇ ಹುಟ್ಟುತ್ತಾನೆ. ನಮ್ಮ ರಾಜ್ಯದ ಕಡಲು ಪಶ್ಚಿಮಕ್ಕಿದೆ. ಇಷ್ಟು ಸಣ್ಣ ವಿಷಯ ತಲೆಗೆ ಹೊಳೆದಿರಲಿಲ್ಲ.

ಆಮೇಲೆ ಅದೇ ಕತೆಯನ್ನು ನಾಲ್ಕು ಸಲ ಬರೆದೆ. ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಕೆಳಗೆ ಇಟ್ಟಿದ್ದೇನೆ. ಮೂರು, ನಾಲ್ಕು ಸಾವಿರ ಪದಗಳ ಹಗುರವಾದ ಕತೆಗೆ ಇದು ಸಾಕು. ಕಾದಂಬರಿಗೆ ಇನ್ನೂ ಬೇಕಾಗುತ್ತದೆ.

ಹೆಜ್ಜೆ 1: ಜೋಡಿಗಿಂತ ಮೊದಲು ಜಗಳ ಹುಡುಕಿ

ಎಲ್ಲರೂ ಮೊದಲು ಹುಡುಗ ಹುಡುಗಿಯನ್ನು ಮಾಡುತ್ತಾರೆ. ಆಮೇಲೆ ಹಿಂದೆ ಒಂದು ಕಡಲನ್ನು ನೇತುಹಾಕುತ್ತಾರೆ, ಫೋಟೋ ಸ್ಟುಡಿಯೋದ ಪರದೆಯ ಹಾಗೆ. ಕತೆ ಅಲ್ಲೇ ಸತ್ತಿತು. ತೂಕಡಿಸುವ ಊರಿನಲ್ಲಿ ಇಬ್ಬರು ಒಬ್ಬರನ್ನೊಬ್ಬರು ಗಮನಿಸಬೇಕಾದರೆ ಊರು ಒಮ್ಮೆ ಬೆಚ್ಚಿ ಏಳಬೇಕು. ಆ ಬದಲಾವಣೆಯನ್ನೇ ಮದುವೆ ದಲ್ಲಾಳಿ ಮಾಡಿಕೊಳ್ಳಿ.

ಬದಲಾವಣೆ ಅಂದರೆ 'ಅಭಿವೃದ್ಧಿ' ಅಂತ ಬರೆದು ಕೂರಬೇಡಿ. ಅದಕ್ಕೆ ಒಂದು ಅಳತೆ ಇರಬೇಕು, ಒಂದು ತಾರೀಖು ಇರಬೇಕು, ಯಾರದಾದರೂ ಮನೆ ಬಾಗಿಲಿಗೆ ಬಂದು ನಿಲ್ಲಬೇಕು. ನಮ್ಮ ಬೀದಿಯಲ್ಲಿ ರಸ್ತೆ ಅಗಲ ಮಾಡುವಾಗ ಗೋಡೆಗಳ ಮೇಲೆ ಕೆಂಪು ಗುರುತು ಹಾಕಿದ್ದರು. ಗುರುತು ಅಡುಗೆಮನೆಯ ಒಳಗೆ ಬಿದ್ದವರಿಗೂ ಜಗುಲಿಯವರೆಗೆ ಮಾತ್ರ ಬಂದವರಿಗೂ ಮಾತು ನಿಂತುಹೋಯಿತು. ಅದೇ ಬೇಕಾದದ್ದು.

ಕರಾವಳಿಯಲ್ಲಿ ಇಂಥದ್ದಕ್ಕೆ ಬರವಿಲ್ಲ. ಹೆದ್ದಾರಿ 66 ನಾಲ್ಕು ಪಥವಾಗುತ್ತಾ ಪೇಟೆಗಳನ್ನು ಎರಡಾಗಿ ಸೀಳಿದೆ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಹೂಳು ತುಂಬಿ ದೋಣಿಗಳು ಒಳಗೆ ಬರಲು ಪರದಾಡುತ್ತವೆ. ಹೊನ್ನಾವರದ ಪಕ್ಕದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ 'ಬ್ಲೂ ಫ್ಲ್ಯಾಗ್' ಮಾನ್ಯತೆ ಬಂತು, ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು ಅದು. ಹಳೆಯ ಕಾಲದ ಕತೆ ಬೇಕಾದರೆ 1970ರ ದಶಕಕ್ಕೆ ಹೋಗಿ. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ ಹಿಂದೆ ಸರಿದು, ದೊಡ್ಡ ಬಲೆಯಿಂದ ಮೀನಿನ ಹಿಂಡನ್ನೇ ಸುತ್ತುವರಿಯುವ ಪರ್ಸೀನ್ ಯಂತ್ರದೋಣಿಗಳು ಬಂದ ಹೊತ್ತು ಅದು. ಎರಡು ಕಡೆಯ ಎರಡು ಮನೆ ಅಂದರೆ ಕತೆ ತಾನಾಗಿ ನಿಲ್ಲುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ಟೇಪಿನ ಜಗಳ. ಕರಾವಳಿ ನಿಯಂತ್ರಣ ವಲಯದ 2011ರ ನಿಯಮದಲ್ಲಿ ಹಳ್ಳಿಗಳ ಕಡೆ ಭರತದ ಗೆರೆಯಿಂದ, ಅಂದರೆ ಕಡಲ ನೀರು ಏರಿದಾಗ ಮುಟ್ಟುವ ಗೆರೆಯಿಂದ, 200 ಮೀಟರ್ ಒಳಗೆ ಹೊಸ ರೆಸಾರ್ಟು ಗಿಸಾರ್ಟು ಏಳುವ ಹಾಗಿರಲಿಲ್ಲ. 2019ರ ಅಧಿಸೂಚನೆಯಲ್ಲಿ, ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇರುವ ಹಳ್ಳಿಗಳಿಗೆ ಅದನ್ನು 50 ಮೀಟರಿಗೆ ಇಳಿಸಿದರು. ಜನರ ಲೆಕ್ಕ 2011ರ ಜನಗಣತಿಯದು. ಹಾಗಾಗಿ "ಆವತ್ತು ಮುಂಬೈಗೆ ಹೋಗಿದ್ದ ನನ್ನ ಮೂರು ಮಕ್ಕಳನ್ನು ಸೇರಿಸಿದ್ದಾರೋ ಇಲ್ಲವೋ" ಅಂತ ಪಂಚಾಯ್ತಿಯಲ್ಲಿ ಕೂಗಾಡುವ ಒಬ್ಬ ಮುದುಕ ಬಿಟ್ಟಿಯಾಗಿ ಸಿಗುತ್ತಾನೆ. ಈಗ ಒಬ್ಬ ಅಜ್ಜಿಯ ಚಹಾದಂಗಡಿಯನ್ನು ಆ ಗೆರೆಯಿಂದ 55ನೇ ಮೀಟರಿನಲ್ಲಿ ಇಡಿ. ನಿನ್ನೆಯವರೆಗೆ ಪಕ್ಕದ ಜಾಗ ಯಾರಿಗೂ ಬೇಡವಾಗಿತ್ತು. ಇವತ್ತು ಕಪ್ಪು ಕನ್ನಡಕದವರು ಬಂದು ದಿನಕ್ಕೆ ಮೂರು ಸಲ ಚಹಾ ಕುಡಿಯುತ್ತಾರೆ. ಅಜ್ಜಿಯ ಮೊಮ್ಮಗಳು ಗಲ್ಲಾದಲ್ಲಿ ಕೂತಿದ್ದಾಳೆ. ಟೇಪಿನ ಇನ್ನೊಂದು ತುದಿ ಹಿಡಿದವನು ನಮ್ಮ ಹುಡುಗ.

ಒಂದು ಎಚ್ಚರಿಕೆ. ಭರತದ ಗೆರೆಯನ್ನು ನಿಜದಲ್ಲಿ ಗುರುತಿಸುವುದು ಅಧಿಕೃತ ಸಂಸ್ಥೆಗಳು, ಅದೂ ನಕ್ಷೆಯಲ್ಲಿ. ನಿಮ್ಮ ಹುಡುಗ ಆ ಗೆರೆ ಎಳೆಯುವವನಲ್ಲ. ನಕ್ಷೆಯಲ್ಲಿರುವುದನ್ನು ಊರಿನ ಬೇಲಿಗಳ ಜೊತೆ ತಾಳೆ ನೋಡಲು ಬಂದ ಸಹಾಯಕ ಅಷ್ಟೇ. ಅವನ ಕೈಯಲ್ಲಿ ಅಧಿಕಾರ ಕಡಿಮೆ ಇದ್ದಷ್ಟೂ ಕತೆ ಹಗುರವಾಗುತ್ತದೆ.

ಜಗಳ ಹುಡುಕಲು ಕರಾವಳಿಗೇ ಹೋಗಬೇಕಾಗಿಲ್ಲ. ನಿಮ್ಮೂರಿನಲ್ಲಿ ಒಂದಾದರೂ ಉಡುಪಿ ಹೋಟೆಲ್ ಇರುತ್ತದೆ. ಮಧ್ಯಾಹ್ನ ಮೂರೂವರೆಗೆ ಹೋಗಿ, ಗಿರಾಕಿ ಕಡಿಮೆ ಇರುವಾಗ. ಕ್ಯಾಷಿಯರ್ ಹತ್ತಿರ "ನಿಮ್ಮೂರು ಹೇಗಿದೆ" ಅಂತ ಕೇಳಬೇಡಿ, "ಚೆನ್ನಾಗಿದೆ" ಅಂದುಬಿಡುತ್ತಾರೆ. "ನಿಮ್ಮೂರಲ್ಲಿ ಈಗ ಯಾವುದಕ್ಕೆ ಜಗಳ?" ಅಂತ ಕೇಳಿ. ನನಗೆ ಸಿಕ್ಕ ಉತ್ತರ ಎರಡು ಕಾಫಿಯವರೆಗೆ ಎಳೆಯಿತು.

ಹೆಜ್ಜೆ 2: ಗಡಿಯಾರ ಕಟ್ಟಿ

ಹಗುರವಾದ ಕತೆಗೆ ಗಡುವು ಬೇಕು. ಗಡುವಿಲ್ಲದ ಪ್ರೇಮ ಧಾರಾವಾಹಿ ಆಗಿಬಿಡುತ್ತದೆ. ಕರಾವಳಿಯಲ್ಲಿ ಸರ್ಕಾರವೇ ಒಂದು ಗಡುವು ಕೊಟ್ಟಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ, ಕಡಲೂ ಒರಟು. 10 ಅಶ್ವಶಕ್ತಿಯವರೆಗಿನ ಮೋಟಾರಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ.

ಆ 61 ದಿನವನ್ನೇ ನಿಮ್ಮ ಕತೆಯ ಉದ್ದ ಮಾಡಿಕೊಳ್ಳಿ. ತೂಕಡಿಸುವ ಊರು ಬೇಕಲ್ಲ, ಇದಕ್ಕಿಂತ ತೂಕಡಿಕೆ ಇನ್ನೆಲ್ಲಿ ಸಿಗುತ್ತದೆ? ದೋಣಿಗಳೆಲ್ಲ ದಡ ಸೇರಿ, ಟಾರ್ಪಾಲು ಹೊದ್ದು ನಿಂತಿರುತ್ತವೆ. ಗಂಡಸರು ಬಲೆ ರಿಪೇರಿ ಮಾಡುತ್ತಾ ಊರಿನ ಎಲ್ಲರ ವಿಷಯದಲ್ಲೂ ಮೂಗು ತೂರಿಸುತ್ತಾರೆ. ಅಟ್ಟದಿಂದ ಒಣಮೀನು ಇಳಿಯುತ್ತದೆ. ಯಕ್ಷಗಾನ ಮೇಳಗಳ ತಿರುಗಾಟ ಮುಗಿದಿರುತ್ತದೆ. ಮಳೆಯ ಸದ್ದಿನ ನಡುವೆ ಯಾರದೋ ಜಗುಲಿಯಲ್ಲಿ ತಾಳಮದ್ದಲೆ ನಡೆಯುತ್ತದೆ, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಕೊಂಕಣ ರೈಲು ಮಳೆಗಾಲದ ಬೇರೆ ವೇಳಾಪಟ್ಟಿ ಹಾಕಿಕೊಂಡು ನಿಧಾನಕ್ಕೆ ಓಡುತ್ತದೆ. ಘಾಟಿಯಲ್ಲಿ ಗುಡ್ಡ ಜರಿದರೆ ತುಮಕೂರಿನ ಬಸ್ಸೂ ಇಲ್ಲ. ಹುಡುಗ ಸಿಕ್ಕಿಹಾಕಿಕೊಂಡ, ಅಲ್ವಾ?

ನಮಗೆ ವರ್ಷಕ್ಕೆ ಬೀಳುವ ಮಳೆ 700 ಮಿಲಿಮೀಟರಿನ ಆಸುಪಾಸು. ಅಲ್ಲಿ 3000 ದಾಟುತ್ತದೆ, ಹೆಚ್ಚಿನ ಪಾಲು ಜೂನ್, ಜುಲೈ, ಆಗಸ್ಟಿನಲ್ಲೇ. ನಮ್ಮ ಕಡೆಯ ಹುಡುಗನಿಗೆ ಮೊದಲ ವಾರ ಖುಷಿಯೋ ಖುಷಿ. ಎರಡನೇ ವಾರ ಬಟ್ಟೆ ಒಣಗುವುದಿಲ್ಲ. ಮೂರನೇ ವಾರ ಬೆಲ್ಟಿಗೆ ಬೂಸಲು. ಮಳೆಯನ್ನು 'ಜಿಟಿಜಿಟಿ' ಅಂತ ಬರೆಯುವುದಕ್ಕಿಂತ ಆ ಬೂಸಲು ಹಿಡಿದ ಬೆಲ್ಟನ್ನು ಬರೆಯಿರಿ.

ಹೆಜ್ಜೆ 3: ಊರಿಗೆ ಹೆಸರಿಡಿ

ನಿಜವಾದ ಊರಿನ ಹೆಸರು ಹಾಕಬೇಡಿ. ಹಾಕಿದರೆ ಅಲ್ಲಿಯವರು ದೇವಸ್ಥಾನ ಯಾವ ದಿಕ್ಕಿಗಿದೆ ಅಂತ ನಿಮಗೆ ಪಾಠ ಮಾಡುತ್ತಾರೆ. ಕೊನೆಗೆ ಕೇರಿ, ಬೈಲು, ಕೋಡಿ ಅಂತ ಏನಾದರೂ ಸೇರಿಸಿ ಒಂದು ಹೆಸರು ಕಟ್ಟಿ. ಕೋಡಿ ನನಗೆ ಇಷ್ಟ. ನಮ್ಮ ಕಡೆ ಕೋಡಿ ಅಂದರೆ ಕೆರೆ ತುಂಬಿ ಹರಿಯುವ ಜಾಗ. ಅಲ್ಲಿ ಹೊಳೆಗೂ ಕಡಲಿಗೂ ನಡುವೆ ಚಾಚಿದ ಮರಳಿನ ತುದಿ. "ನಿಮ್ಮೂರ ಕೆರೆ ಎಲ್ಲಿ?" ಅಂತ ಹುಡುಗ ಕೇಳಲಿ. ಹುಡುಗಿ ಸುಮ್ನೆ ಕಡಲಿನ ಕಡೆ ಕೈ ತೋರಿಸಲಿ.

ಹೆಜ್ಜೆ 4: ಒಬ್ಬರಾದರೂ ನಮ್ಮ ಕಡೆಯವರಾಗಲಿ

ಇದು ನಾನು ಕಷ್ಟಪಟ್ಟು ಕಲಿತದ್ದು. ಮೊದಲ ಸಲ ಇಬ್ಬರನ್ನೂ ಕರಾವಳಿಯವರೇ ಮಾಡಿದ್ದೆ. ಅವರು ಪ್ರವಾಸಿಗಳ ಹಾಗೆ ಕಡಲನ್ನು ನೋಡಿ ನೋಡಿ ನಿಟ್ಟುಸಿರು ಬಿಟ್ಟರು. ಅಲ್ಲಿಯವರು ಹಾಗೆ ನೋಡುವುದಿಲ್ಲ. ಇವತ್ತು ಮೀನು ಬಂತೋ ಇಲ್ಲವೋ ಅಂತ ನೋಡುತ್ತಾರೆ. ನಾವು ಅಮಾನಿಕೆರೆಯನ್ನು ನೋಡಿ ದಿನಾ ಕವಿತೆ ಹೇಳುತ್ತೇವೆಯೇ? ನೀರೆಷ್ಟಿದೆ ಅಂತ ನೋಡಿ ಮುಂದೆ ಹೋಗುತ್ತೇವೆ.

ಹಾಗಾಗಿ ಕಣ್ಣರಳಿಸುವ ಕೆಲಸವನ್ನು ಹೊರಗಿನಿಂದ ಬಂದವನಿಗೆ ಕೊಡಿ. ನಿಮಗೆ ಗೊತ್ತಿಲ್ಲದ್ದು ಅವನಿಗೂ ಗೊತ್ತಿಲ್ಲ. ನೀವು ಮಾಡುವ ತಪ್ಪನ್ನೆಲ್ಲ ಅವನ ತಲೆಗೆ ಕಟ್ಟಬಹುದು, ಹುಡುಗಿ ನಗಬಹುದು. ಬರೆಯುವವರ ಅಜ್ಞಾನ ಪಾತ್ರದ ಪೆದ್ದುತನವಾಗಿ ಲಾಭಕ್ಕೆ ಬರುವುದು ಇಂಥ ಕತೆಯಲ್ಲಿ ಮಾತ್ರ.

ಆದರೆ ಅವನು ಬರಿಗೈಯಲ್ಲಿ ಬರಬಾರದು. ನನ್ನ ಹುಡುಗ ತಿಪಟೂರಿನವನು, ಕೊಬ್ಬರಿ ಮನೆತನ. ತೆಂಗಿನಕಾಯಿ ಅಲ್ಲೂ ಉಂಟು ಇಲ್ಲೂ ಉಂಟು, ಮರ್ಯಾದೆ ಮಾತ್ರ ಬೇರೆ ಬೇರೆ. ತಿಪಟೂರಿನಲ್ಲಿ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಕರಾವಳಿಯ ಅಡುಗೆಮನೆಯಲ್ಲಿ ಬೆಳಿಗ್ಗೆ ಒಡೆದ ಕಾಯಿ ಮಧ್ಯಾಹ್ನದೊಳಗೆ ಸಾರಿಗೆ ಅರೆದು ಮುಗಿದಿರುತ್ತದೆ. ಈ ಒಂದು ವ್ಯತ್ಯಾಸ ಸಾಕು:

"ಒಂದು ವರ್ಷ ಕಾಯ್ತೀರಾ? ಒಂದು ಕಾಯಿಗೆ?"

"ಹೂಂ."

"ಮಧ್ಯೆ ತೆಗೆದು ನೋಡೋದಿಲ್ವಾ?"

"ಒಡೆದ್ರೆ ಹಾಳು. ಕಿವಿ ಹತ್ರ ಹಿಡಿದು ಅಲ್ಲಾಡಿಸ್ತೀವಿ, ಅಷ್ಟೇ."

ಇದರಲ್ಲಿ ಪ್ರೀತಿ ಅನ್ನುವ ಪದ ಇಲ್ಲ. ಹಾಕಲೂ ಬೇಡಿ. ಓದುವವರಿಗೆ ಗೊತ್ತಾಗುತ್ತದೆ.

ಊಟದಲ್ಲಿ ಇನ್ನೂ ಒಂದೆರಡು ಸಿಗುತ್ತವೆ. ಮುದ್ದೆ ನುಂಗಿ ಬೆಳೆದವನು ಕುಚ್ಚಲಕ್ಕಿ ಗಂಜಿಯ ಮುಂದೆ ಕೂತು "ಇದು ಪೂರ್ತಿ ಬೆಂದಿಲ್ಲ" ಅಂದುಬಿಡಲಿ. ಅಜ್ಜಿ ಮೂರು ದಿನ ಅವನಿಗೆ ಚಹಾ ಕೊಡದಿರಲಿ. ಆದರೆ ಊಟದ ಪಟ್ಟಿ ಬರೆಯಬೇಡಿ. ನೀರುದೋಸೆ, ಪತ್ರೊಡೆ, ಕೊಟ್ಟೆ ಕಡುಬು ಎಲ್ಲ ಒಂದೇ ಪುಟದಲ್ಲಿ ಬಂದರೆ ಅದು ಹೋಟೆಲಿನ ಬೋರ್ಡು.

ಹೆಜ್ಜೆ 5: ನೀರಿನ ಲೆಕ್ಕ ತಪ್ಪಬೇಡಿ

ಪೆನ್ಸಿಲಿನ ಸಾಲು ಬರುವುದು ಇಲ್ಲೇ. ಮೂರು ವಿಷಯ ನೋಡಿಕೊಂಡರೆ ಸಾಕು.

ಸೂರ್ಯ ಕಡಲಿನಲ್ಲಿ ಮುಳುಗುತ್ತಾನೆ, ಬೆಟ್ಟದ ಕಡೆಯಿಂದ ಏಳುತ್ತಾನೆ. ಸರಿ. ಆದರೆ ನಿಮ್ಮ ಕತೆ ನಡೆಯುವುದು ಜೂನ್, ಜುಲೈನಲ್ಲಿ. ಹೆಚ್ಚಿನ ಸಂಜೆ ಸೂರ್ಯ ಕಾಣುವುದೇ ಇಲ್ಲ, ಬರೀ ಮೋಡ. ಇದು ಗೊತ್ತಾದಾಗ ನನಗೆ ಬೇಜಾರಾಯಿತು. ಸೂರ್ಯಾಸ್ತ ಇಲ್ಲದ ಕಡಲ ಪ್ರೇಮಕತೆಯಾ? ಆಮೇಲೆ ಅದೇ ಒಳ್ಳೆಯದಾಯಿತು. ಹುಡುಗ ದಿನಾ ಸಂಜೆ ಛತ್ರಿ ಹಿಡಿದು ಸೂರ್ಯಾಸ್ತಕ್ಕೆ ಕಾಯುತ್ತಾನೆ, ಊರಿನವರು ದಿನಾ ನಗುತ್ತಾರೆ. ಅವಳೂ ನಗುತ್ತಾಳೆ. ಒಂದು ದಿನ ಅವನು ಬರದೇ ಇದ್ದಾಗ ಅವಳೇ ಹೊರಗೆ ಬಂದು ಆಕಾಶ ನೋಡುತ್ತಾಳೆ.

ಎರಡನೆಯದು ಭರತ ಮತ್ತು ಇಳಿತ. ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಆದರೆ ಅದೇ ಹೊತ್ತಿಗಲ್ಲ. ಚಂದ್ರನಿಂದಾಗಿ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ವಾರಕ್ಕೆ ಹೆಚ್ಚುಕಡಿಮೆ ಆರು ಗಂಟೆ. ಅಂದರೆ ಈ ಮಂಗಳವಾರ ಸಂಜೆ ಐದಕ್ಕೆ ಜೋಡಿ ಅಗಲವಾದ ಮರಳಿನಲ್ಲಿ ನಡೆದಿದ್ದರೆ, ಮುಂದಿನ ಮಂಗಳವಾರ ಐದಕ್ಕೆ ಅದೇ ಜಾಗದಲ್ಲಿ ನೀರು. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ಜೋರು. ಅಷ್ಟಮಿಯ ಹೊತ್ತಿಗೆ ಕಡಿಮೆ. ಇದಕ್ಕೆ ಯಾವ ಆ್ಯಪೂ ಬೇಡ. ಗೋಡೆಯ ಮೇಲಿನ ಕ್ಯಾಲೆಂಡರ್ ತೆಗೆದುಕೊಂಡು, ನಿಮ್ಮ ಕತೆಯ 61 ದಿನಕ್ಕೆ ಹುಣ್ಣಿಮೆ, ಅಮಾವಾಸ್ಯೆ ಗುರುತು ಹಾಕಿ. ಯಾವ ದೃಶ್ಯ ಯಾವ ದಿನ ಅಂತ ಪಕ್ಕದಲ್ಲಿ ಬರೆಯಿರಿ. ನಾನು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಬರೆದೆ. ಮನೆಯಲ್ಲಿ ಆ ತಿಂಗಳ ಹಾಲಿನ ಲೆಕ್ಕ ತಪ್ಪಿತು.

ಈ ಲೆಕ್ಕದಿಂದ ನನಗೆ ಒಂದು ದೃಶ್ಯ ಸಿಕ್ಕಿತು. ಟೇಪು ಹಿಡಿಯಲು ಹೋದ ಹುಡುಗ ಚಪ್ಪಲಿಯನ್ನು ದಡದಲ್ಲಿ ಬಿಡುತ್ತಾನೆ. ಹಿಂದಿನ ವಾರ ಅದೇ ಜಾಗದಲ್ಲಿ ಬಿಟ್ಟಿದ್ದ, ಏನೂ ಆಗಿರಲಿಲ್ಲ. ಈ ವಾರ ವಾಪಸ್ ಬಂದರೆ ಚಪ್ಪಲಿ ಇಲ್ಲ. ಬರಿಗಾಲಲ್ಲಿ ಅಂಗಡಿಗೆ ಬಂದವನಿಗೆ ಅವಳು ಮೊದಲ ಸಲ ಭರತದ ಲೆಕ್ಕ ಹೇಳಿಕೊಡುತ್ತಾಳೆ, ಸಕ್ಕರೆ ಡಬ್ಬದ ಮುಚ್ಚಳವನ್ನು ಚಂದ್ರ ಮಾಡಿಕೊಂಡು.

ಮೂರನೆಯದು, ಮಳೆಗಾಲದ ಕಡಲಿಗೆ ಯಾರನ್ನೂ ಈಜಲು ಇಳಿಸಬೇಡಿ. ಅಲ್ಲಿ ಬೆಳೆದ ಹುಡುಗಿ ಇಳಿಯುವುದಿಲ್ಲ, ಇಳಿಯಲು ಬಿಡುವುದೂ ಇಲ್ಲ. ಮುಳುಗುವವನನ್ನು ಎತ್ತಿ ತರುವ ದೃಶ್ಯದ ಆಸೆ ಇದ್ದರೆ ಬೇರೆ ಕತೆ ಬರೆಯಿರಿ.

ಹೆಜ್ಜೆ 6: ಮಾತು

ಕರಾವಳಿ ಅಂದರೆ ಎಲ್ಲರೂ "ಎಂತ ಮಾರಾಯ್ರೆ" ಅನ್ನುತ್ತಾರೆ ಅಂದುಕೊಳ್ಳಬೇಡಿ. ಅಲ್ಲಿ ಹೊಳೆ ದಾಟಿದರೆ ಮಾತು ಬದಲಾಗುತ್ತದೆ. ಮಂಗಳೂರು, ಉಡುಪಿಯಲ್ಲಿ ತುಳು. ಕುಂದಾಪುರದ ಕನ್ನಡವೇ ಬೇರೆ. ಹೊನ್ನಾವರ, ಕುಮಟಾ ಕಡೆ ಕೊಂಕಣಿ, ಹವ್ಯಕ ಕನ್ನಡ. ಭಟ್ಕಳದಲ್ಲಿ ನವಾಯತಿ. ಮೀನಿನ ಹೆಸರೂ ಹಾಗೆಯೇ. ಮಂಗಳೂರಿನ ಬೂತಾಯಿ ಉತ್ತರ ಕನ್ನಡಕ್ಕೆ ಬಂದರೆ ತಾರ್ಲೆ. ಸಿಗಡಿ ಅಲ್ಲಿ ಶೆಟ್ಲಿ. ಒಂದು ಹೊಳೆ ಆರಿಸಿಕೊಂಡು ಅದರ ದಡದಲ್ಲೇ ಇರಿ.

ಉಡುಪಿ ಕಡೆಯವರು 'ಹೋಗೋಣ' ಅನ್ನಲು 'ಹೋಗುವ' ಅನ್ನುತ್ತಾರೆ. "ಸಂಜೆ ಕಡಲಿಗೆ ಹೋಗುವ" ಅಂತ ಒಬ್ಬಳು ಹೇಳಿದರೆ ನಮ್ಮ ತಿಪಟೂರಿನವನು ವಾಕ್ಯ ಮುಗಿಯಲಿ ಅಂತ ಕಾಯುತ್ತಾ ನಿಲ್ಲುತ್ತಾನೆ. ಹೋಗುವ... ಯಾರು? ಹೋಗುವ ಬಸ್ಸಾ? ಎಷ್ಟು ಚೆಂದದ ದೃಶ್ಯ! ಆದರೆ ನನ್ನ ಊರು ಹೊನ್ನಾವರದ ಪಕ್ಕ. ಹೊಟ್ಟೆ ಉರಿಯಿತು. ಕೊನೆಗೆ ಉಡುಪಿಯಿಂದ ವರ್ಗವಾಗಿ ಬಂದ ಬ್ಯಾಂಕಿನ ಮೇಡಂ ಒಬ್ಬರನ್ನು ಸೃಷ್ಟಿಸಿ ಆ ಸಾಲನ್ನು ಅವರ ಬಾಯಲ್ಲಿ ಹಾಕಿದೆ. ಕತೆಯಲ್ಲಿ ಅವರಿಗೆ ಬೇರೆ ಕೆಲಸವೇ ಇಲ್ಲ. ಇರಲಿ ಬಿಡಿ.

ಆಡುಮಾತು ಪೂರ್ತಿ ಬರದಿದ್ದರೆ ಮಾತು ಕಡಿಮೆ ಮಾಡಿ. ಎರಡು ಪದ ಸರಿಯಾಗಿ ಬಳಸಿದರೆ ಸಾಕು. ಇಪ್ಪತ್ತು ಪದ ತಪ್ಪಾಗಿ ಬಳಸಿದರೆ ಸಿನಿಮಾದ ಹಾಸ್ಯ ಪಾತ್ರದ ಹಾಗೆ ಕಾಣುತ್ತದೆ, ಅಲ್ಲಿಯವರಿಗೆ ನೋವೂ ಆಗುತ್ತದೆ.

ಹೆಜ್ಜೆ 7: ಖಳನಾಯಕ ಬೇಡ

ರೆಸಾರ್ಟಿನವನಿಗೆ ಮೀಸೆ ತಿರುವಲು ಬಿಡಬೇಡಿ. ಅವನಿಗೂ ಬ್ಯಾಂಕ್ ಸಾಲ ಇದೆ. ಸರ್ವೆಯ ಸಾಹೇಬರಿಗೂ ಮೇಲಿನವರ ಭಯ. ಊರಿನಲ್ಲೂ ಎಲ್ಲರೂ ವಿರೋಧಿಗಳಲ್ಲ. "ಬರಲಿ ಬಿಡಿ, ನನ್ನ ಮಗ ಮುಂಬೈಯಿಂದ ವಾಪಸ್ ಬರ್ತಾನೆ" ಅನ್ನುವ ಒಬ್ಬ ತಾಯಿ ಕತೆಯಲ್ಲಿ ಇರಲೇಬೇಕು. ಅವಳ ಮಾತಿಗೆ ಹುಡುಗಿಯ ಹತ್ತಿರ ಉತ್ತರ ಇರಬಾರದು.

ಹೆಜ್ಜೆ 8: ಮುಗಿಸುವುದು

ಮದುವೆಯಿಂದ ರೆಸಾರ್ಟು ಮಾಯವಾಗಬಾರದು. ಕೊನೆಯ ಪುಟದಲ್ಲಿ ಸರ್ಕಾರಿ ಆದೇಶ ಬಂದು ಎಲ್ಲ ಸರಿಯಾಯಿತು ಅಂತ ಬರೆದರೆ ಓದುಗರು ಪುಸ್ತಕ ಮುಚ್ಚಿ ನಗುತ್ತಾರೆ. ಬದಲಾವಣೆ ಬಂದೇ ಬರಲಿ, ಜೋಡಿ ಅದರಲ್ಲಿ ಒಂದು ಸಣ್ಣ ಮೂಲೆಯನ್ನು ಗೆಲ್ಲಲಿ. ನನ್ನ ಕತೆಯಲ್ಲಿ ರೆಸಾರ್ಟಿನ ಕಾಂಪೌಂಡು ಏಳುತ್ತದೆ. ಅಜ್ಜಿಯ ಅಂಗಡಿಯ ಹತ್ತಿರ ಬಂದಾಗ ಮಾತ್ರ ಒಂದು ಸುತ್ತು ಹಾಕಿ ಮುಂದೆ ಹೋಗುತ್ತದೆ. ಆ ಸುತ್ತಿನ ಉದ್ದ ಅವರಿಬ್ಬರ ಎರಡು ತಿಂಗಳ ಕೆಲಸ.

ಕೊನೆಯ ದೃಶ್ಯವನ್ನು ಆಗಸ್ಟ್ 1ಕ್ಕೆ ಇಡಿ. ನಿಷೇಧ ಮುಗಿದು ಎಂಜಿನ್ನುಗಳು ಕೆಮ್ಮುವ ದಿನ. ಊರಿನವರ ಗಮನವೆಲ್ಲ ಕಡಲಿನ ಕಡೆ. ಯಾರೂ ನೋಡದ ಹೊತ್ತು ಇಡೀ ಕತೆಯಲ್ಲಿ ಅದೊಂದೇ. ಅಲ್ಲಿ ಏನಾಗಬೇಕು ಅನ್ನುವುದು ನಿಮ್ಮ ಇಷ್ಟ. ನಾನು ಹುಡುಗನ ಕೈಗೆ ಊರಿನಿಂದ ತರಿಸಿದ ಒಂದು ಸಿಪ್ಪೆಕಾಯಿ ಕೊಟ್ಟೆ, ಅಟ್ಟದಲ್ಲಿ ವರ್ಷ ಕಳೆದದ್ದು. ಅವಳು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ.

ಹೆಜ್ಜೆ 9: ಅಲ್ಲಿಯವರಿಂದ ಓದಿಸಿ

ಪತ್ರಿಕೆಗೆ ಕಳಿಸುವ ಮೊದಲು ಕರಾವಳಿಯವರು ಒಬ್ಬರಾದರೂ ಓದಲಿ. ಸಾಹಿತ್ಯ ಗೊತ್ತಿರಬೇಕಾಗಿಲ್ಲ. ನಾನು ಮತ್ತೆ ಅದೇ ಕ್ಯಾಷಿಯರಿಗೆ ಕೊಟ್ಟೆ. ಅವರು ಗಲ್ಲಾದ ಕೆಳಗೆ ಇಟ್ಟುಕೊಂಡು ನಾಲ್ಕು ದಿನ ಓದಿದರು. ಒಂದು ಪುಟದಲ್ಲಿ ಸಾಂಬಾರಿನ ಕಲೆಯೂ ಇತ್ತು. ಕತೆ ಹೇಗಿದೆ ಅಂತ ಹೇಳಲೇ ಇಲ್ಲ.

"ಮೇಡಂ, ನಿಮ್ಮ ಹುಡುಗ ಮಳೆಗಾಲದಲ್ಲಿ ಚರ್ಮದ ಚಪ್ಪಲಿ ಹಾಕಿದ್ದಾನಲ್ಲ. ನಮ್ಮಲ್ಲಿ ಅದು ನಾಲ್ಕು ದಿನವೂ ಬಾಳುವುದಿಲ್ಲ. ರಬ್ಬರಿನದ್ದು ಕೊಡಿ ಅವನಿಗೆ."

ಒಂದು ಪದ ತಾನೇ ಅಂತ ಬದಲಾಯಿಸಲು ಕೂತೆ. ಆಗ ಹೊಳೆಯಿತು, ರಬ್ಬರ್ ಚಪ್ಪಲಿ ತೇಲುತ್ತದೆ. ಕಡಲು ಒಯ್ದದ್ದನ್ನು ಮುಂದಿನ ಭರತ ವಾಪಸ್ ತಂದು ಹಾಕಬಹುದು. ಐದನೇ ಹೆಜ್ಜೆಯ ಆ ದೃಶ್ಯವನ್ನು ಪೂರ್ತಿ ಅಳಿಸಿ ಮತ್ತೆ ಬರೆದೆ. ಈಗ ಮಾರನೆಯ ದಿನ ಬೆಳಿಗ್ಗೆ ಅಂಗಡಿಯ ಮುಂದಿನ ಬೆಂಚಿನ ಮೇಲೆ ಒಂದು ಚಪ್ಪಲಿ ಇರುತ್ತದೆ, ತೊಳೆದು, ಒಲೆಯ ಪಕ್ಕ ಒಣಗಿಸಿ ಇಟ್ಟದ್ದು. ಇನ್ನೊಂದು ಕಾಲಿನದು ಸಿಗಲು ಇನ್ನೂ ಒಂಬತ್ತು ದಿನ ಬೇಕು.